ಮಡಿಕೇರಿಯಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು: ನಾನು ಲೆಕ್ಕ ಹಾಕುವ ಬಗೆ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಹಾಗಾಗಿ ದುಬೈ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ ಎರಡು ಲೆಕ್ಕ ಹಾಕುತ್ತೇನೆ: ಆಕಾಶದ್ದು ಒಂದು, ಘಾಟಿಯದ್ದು ಇನ್ನೊಂದು.

ಆಕಾಶದ್ದಕ್ಕೆ ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ, ಜೊತೆಗೆ ಮೊಬೈಲಿನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಎಡವುವುದು ಅಂಕಿ ಬರೆದುಕೊಳ್ಳುವಾಗಲೇ. ಮಡಿಕೇರಿಯ ಅಕ್ಷಾಂಶ 12 ಡಿಗ್ರಿ 25 ನಿಮಿಷ. ಅದು 12.25 ಅಲ್ಲ, 25ನ್ನು 60ರಿಂದ ಭಾಗಿಸಬೇಕು, ಆಗ 12.42. ತಪ್ಪಿ 12.25 ಬರೆದಿರೋ, ಮಡಿಕೇರಿ 18 ಕಿ.ಮೀ. ತೆಂಕಕ್ಕೆ ಜಾರಿ ವಿರಾಜಪೇಟೆ ಪಕ್ಕ ಕೂತಿರುತ್ತದೆ!

ನಮಗೆ ಹತ್ತಿರದ್ದು ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣ (2018ರಿಂದ): 11.92 ಉತ್ತರ, 75.55 ಪೂರ್ವ. ದುಬೈ 25.25, 55.36. ಎರಡು ಅಕ್ಷಾಂಶಗಳ ಸೈನ್ ಗುಣಿಸಿದರೆ 0.0881. ಅವೆರಡರ ಕೊಸೈನನ್ನೂ ರೇಖಾಂಶಗಳ ವ್ಯತ್ಯಾಸ 20.19ರ ಕೊಸೈನನ್ನೂ ಗುಣಿಸಿದರೆ 0.8306. ಕೂಡಿದರೆ 0.9187, ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರಿನ cos⁻¹ ಗುಂಡಿ) 23.26 ಡಿಗ್ರಿ. ಡಿಗ್ರಿಗೆ 111.2 ಕಿ.ಮೀ.ನಂತೆ ಸುಮಾರು 2,587 ಕಿ.ಮೀ. ಉತ್ತರ ವಿಚಿತ್ರವಾಗಿ ಬಂದರೆ ಸೈನ್ 30 ಒತ್ತಿ ನೋಡಿ. 0.5 ಬರದಿದ್ದರೆ ಯಂತ್ರ ಡಿಗ್ರಿಯಲ್ಲಿಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದೆ. ಎಕ್ಸೆಲ್ ಅಂತೂ ಯಾವಾಗಲೂ ರೇಡಿಯನ್ನೇ.

ಪಶ್ಚಿಮ ರೇಖಾಂಶಕ್ಕೆ ಮೈನಸ್ ಬೇಕು. ಸ್ಯಾನ್ ಫ್ರಾನ್ಸಿಸ್ಕೊ 37.62, ಮೈನಸ್ 122.38, ಬೆಂಗಳೂರಿನಿಂದ ಸುಮಾರು 13,990 ಕಿ.ಮೀ. ಮೈನಸ್ ಬಿಟ್ಟರೆ ಊರು ಚೀನಾದ ಕರಾವಳಿಯಾಚೆ ಹಳದಿ ಸಮುದ್ರದಲ್ಲಿ ಬಿದ್ದು, ದೂರ 5,200ಕ್ಕೆ ಇಳಿಯುತ್ತದೆ. ಎರಡೂ ಊರು ಭೂಗೋಳದ ಹೆಚ್ಚುಕಡಿಮೆ ಎದುರುಬದುರು ರೇಖಾಂಶದಲ್ಲಿರುವುದರಿಂದ ಹತ್ತಿರದ ದಾರಿ ಉತ್ತರ ಧ್ರುವದ ಬಳಿ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಬೆಂಗಳೂರಿಗೆ ಬಂದದ್ದೂ ಹಾಗೆಯೇ. ಗೋಡೆಯ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟರೆ ಇದು ಕಾಣುವುದೇ ಇಲ್ಲ.

ಹೊತ್ತಿಗೆ: ದೂರವನ್ನು ವಿಮಾನದ ವೇಗ, ಅಂದರೆ ಗಂಟೆಗೆ 850 ಕಿ.ಮೀ.ನಿಂದ ಭಾಗಿಸಿ, ಏರಿ ಇಳಿಯಲು ಅರ್ಧ ಗಂಟೆ, ನೆಲದ ಓಡಾಟಕ್ಕೆ ಕಾಲು ಗಂಟೆ ಸೇರಿಸುತ್ತೇನೆ. ದುಬೈಗೆ ಸುಮಾರು 3 ಗಂಟೆ 50 ನಿಮಿಷ. ಟಿಕೆಟ್‌ನಲ್ಲಿ 9.00ಕ್ಕೆ ಹೊರಟು 11.20ಕ್ಕೆ ತಲುಪುತ್ತದೆ ಎಂದಿದ್ದರೆ ಮೋಸವಿಲ್ಲ; ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ಮೇಲುಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ, ವಾಪಸು ಬರುವಾಗ ಹೊತ್ತು ಉಳಿಯುತ್ತದೆ.

ಇನ್ನು ಘಾಟಿ. ಮಡಿಕೇರಿಯಿಂದ ಕಣ್ಣೂರು ನಿಲ್ದಾಣಕ್ಕೆ ನೇರ ದೂರ 59 ಕಿ.ಮೀ., ರಸ್ತೆಯಲ್ಲಿ ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ದಾಟಿ ಸುಮಾರು 90. ಬೇಸಿಗೆಯಲ್ಲಿ ಮೂರು ಗಂಟೆ ಹಿಡಿಯುತ್ತೇನೆ. ಆಟಿ ತಿಂಗಳಲ್ಲಿ ಮಾಕುಟ್ಟದಲ್ಲಿ ಮರವೋ ಮಣ್ಣೋ ಬಿದ್ದರೆ ಕುಟ್ಟ, ಮಾನಂದವಾಡಿ ಸುತ್ತಬೇಕು. ಹಾಗಾಗಿ ಮಳೆಗಾಲದಲ್ಲಿ ಹಿಂದಿನ ರಾತ್ರಿಯೇ ಮಾಕುಟ್ಟ ದಾರಿಯ ಪೆರುಂಬಾಡಿ ಕಡೆಯವರಿಗೆ ಫೋನ್ ಮಾಡಿ ದಾರಿ ತೆರೆದಿದೆಯಾ ಅಂತ ಕೇಳಿಯೇ ಅಲಾರಾಂ ಇಡುವುದು.