ಪ್ಯಾಕೆಟ್ ಹಿಂಭಾಗ ಓದುವ ಕ್ರಮ

ರಾಗಿ ಬಿಸ್ಕತ್ತಿನ ಪ್ಯಾಕೆಟ್ ತಗೊಂಡರೆ ಮುಂಭಾಗದ ರಾಗಿ ತೆನೆಯ ಚಿತ್ರ ಬಿಡಿ, ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕು ಎಂಬುದು ನಿಯಮ. ಮೊದಲ ಹೆಸರು 'ರಿಫೈನ್ಡ್ ವೀಟ್ ಫ್ಲೋರ್' ಆಗಿದ್ದರೆ ಅದು ಮೈದಾ ಬಿಸ್ಕತ್ತೇ. ಹೆಸರಿನಲ್ಲೇ ರಾಗಿ ಇದ್ದರೆ ಅದರ ಶೇಕಡಾ ಪ್ರಮಾಣ ಪಟ್ಟಿಯಲ್ಲಿ ಬ್ರಾಕೆಟ್‌ನೊಳಗೆ ಇರುತ್ತದೆ, ಅದನ್ನು ಹುಡುಕಿ.

ಸಕ್ಕರೆ ಒಂದೇ ಹೆಸರಲ್ಲಿ ಬರುವುದಿಲ್ಲ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಜೇನುತುಪ್ಪ, ಬೆಲ್ಲ ಅಂತ ಹಂಚಿಹೋದಾಗ ಪ್ರತಿಯೊಂದೂ ಪಟ್ಟಿಯ ಕೆಳಗೆ ಇಳಿಯುತ್ತದೆ. ಆದ್ದರಿಂದ ಪೋಷಕಾಂಶಗಳ ಕೋಷ್ಟಕದಲ್ಲಿ 'ಆಡೆಡ್ ಶುಗರ್ಸ್' ಸಾಲನ್ನೇ ನಂಬಿ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಕೋಷ್ಟಕದ ಅಂಕಿ 100 ಗ್ರಾಂಗೆ, ಶೇಕಡಾ ಆರ್‌ಡಿಎ (ದಿನಕ್ಕೆ ಶಿಫಾರಸು ಮಾಡಿದ ಪ್ರಮಾಣದಲ್ಲಿ ಎಷ್ಟು ಪಾಲು) ಮಾತ್ರ ಒಂದು ಸರ್ವಿಂಗ್‌ಗೆ, ಅಂದರೆ ಒಂದು ಸಲ ತಿನ್ನುವ ಪ್ರಮಾಣಕ್ಕೆ. ಸರ್ವಿಂಗ್ 25 ಗ್ರಾಂ, ಪ್ಯಾಕೆಟ್ 75 ಗ್ರಾಂ ಇದ್ದು ಪೂರ್ತಿ ತಿಂದರೆ ಆ ಶೇಕಡಾವನ್ನು ಮೂರರಿಂದ ಗುಣಿಸಿ. ಎರಡು ಬ್ರ್ಯಾಂಡ್ ಹೋಲಿಸುವಾಗ ಮಾತ್ರ 100 ಗ್ರಾಂನ ಅಂಕಿಯನ್ನೇ ಹಿಡಿಯಿರಿ, ಸರ್ವಿಂಗ್ ಗಾತ್ರ ಒಬ್ಬೊಬ್ಬರದು ಒಂದೊಂದು.

ಬಿಪಿ ಇರುವ ಮನೆಯಲ್ಲಿ ಸೋಡಿಯಂ ನೋಡಲೇಬೇಕು. ಅದನ್ನು 2.5ರಿಂದ ಗುಣಿಸಿದರೆ ಉಪ್ಪು ಸಿಗುತ್ತದೆ: 800 ಮಿಲಿಗ್ರಾಂ ಅಂದರೆ 2 ಗ್ರಾಂ ಉಪ್ಪು. ದಿನದ ಮಿತಿ 5 ಗ್ರಾಂ, ನಮ್ಮ ಸಾರು-ಪಲ್ಯ-ಉಪ್ಪಿನಕಾಯಿಯದೂ ಅದರಲ್ಲೇ ಸೇರಬೇಕು. ಉಪ್ಪಿನಕಾಯಿ, ಹಪ್ಪಳ, ಇನ್‌ಸ್ಟಂಟ್ ನೂಡಲ್ಸ್ ಕೊಳ್ಳುವಾಗ ಮೊದಲು ಈ ಸಾಲನ್ನೇ ಓದಿ.