ಒಬ್ಬನೇ ನಿಲ್ಲಿಸಿದ ಏಣಿ ಅಟ್ಟಣೆ: ನನ್ನ ಅನುಭವ

ಏಣಿ ಅಟ್ಟಣೆ ಎಂದರೆ ತಲೆಯಲ್ಲಿ ಕೂರುವ ಸೀಟಿರುವ, ಮರಕ್ಕೆ ಒರಗಿಸಿ ಕಟ್ಟುವ ಏಣಿ. ಅದನ್ನು ಒಬ್ಬನೇ ಎತ್ತಿ ನಿಲ್ಲಿಸಲು ಆಗುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಮೂರು ಜನ ಬೇಕು, ಇಲ್ಲಾಂದ್ರೆ ಸೊಂಟ ಮುರಿದುಕೊಳ್ತೀಯ ಎಂದರು ಪಕ್ಕದ ತೋಟದ ಅಣ್ಣ. ಭಾವ ಅಂತೂ ನೇರವಾಗಿ ಬೇಡ ಎಂದರು. ಈಗ ನಾಲ್ಕನೇ ವರ್ಷ ಒಬ್ಬನೇ ನಿಲ್ಲಿಸುತ್ತಿದ್ದೇನೆ, ಒಬ್ಬನೇ ಇಳಿಸುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಗದ್ದೆ ಕೊಡಗಿನ ಬಾಳೆಲೆ ಕಡೆ. ಒಂದೂವರೆ ಎಕರೆ. ಎರಡು ಕಡೆ ಕಾಫಿ, ಒಂದು ಕಡೆ ತೋಡು (ಸಣ್ಣ ಹಳ್ಳ), ತೋಡಿನಾಚೆ ಬಾಣೆ, ಅಂದರೆ ಮರಗಿಡವಿರುವ ಎತ್ತರದ ಜಮೀನು. ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿ ಇಳಿಯುತ್ತದೆ. ಒಂದು ರಾತ್ರಿ ಬಿಟ್ಟರೂ ಸಾಕು, ಬೆಳಿಗ್ಗೆ ಹೋಗಿ ನೋಡಿದರೆ ಚಾಪೆ ಹಾಸಿದ ಹಾಗೆ ಮಲಗಿರುತ್ತದೆ. ಹಾಗಾಗಿ ಅಕ್ಟೋಬರಿನ ಕಾವೇರಿ ಸಂಕ್ರಮಣದಿಂದ ಸುಗ್ಗಿ ಹಬ್ಬ ಪುತ್ತರಿವರೆಗೆ ಕಾವಲು ತಪ್ಪಿದ್ದಲ್ಲ. ಹೊರದೇಶಗಳಲ್ಲಿ ಇಂಥ ಏಣಿ ಅಟ್ಟಣೆಯನ್ನು ಬೇಟೆಗೆ ಹಾಕುತ್ತಾರೆ. ಇಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಆ ಮಾತಿಲ್ಲ. ಮನೆಯಲ್ಲಿ ಕೋವಿ ಇದೆ, ನಮ್ಮ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಪೂಜೆ ಮಾಡುತ್ತೇವೆ. ಅಟ್ಟಣೆಗೆ ಅದನ್ನು ಒಯ್ಯುವುದಿಲ್ಲ. ಟಾರ್ಚು, ತಗಡಿನ ಡಬ್ಬ, ಫ್ಲಾಸ್ಕು, ಅಷ್ಟೇ.

ಮೊದಲು ಹಾಳಾದ ದುಡ್ಡಿನ ಲೆಕ್ಕ ಹೇಳುತ್ತೇನೆ.

ಮೊದಲ ವರ್ಷ ನಾಲ್ಕು ಕಾಲಿನ ಬಿದಿರಿನ ಅಟ್ಟಣೆ ಕಟ್ಟಿಸಿದೆ. ಬಿದಿರು ಅಕ್ಕಿ ಬಿಟ್ಟು ಸತ್ತ ಮೇಲೆ ನಮ್ಮ ಕಡೆ ಒಳ್ಳೆ ಬಿದಿರು ಸಿಗುವುದು ಕಷ್ಟ ಅಲ್ವಾ, ಹೊರಗಿನಿಂದ ತರಿಸಿದೆ. ಕೂಲಿ ಸೇರಿ 6,000 ಹತ್ತಿರ ಆಯಿತು. ಒಂದೇ ಮಳೆಗಾಲಕ್ಕೆ ಎರಡು ಕಾಲನ್ನು ಗೆದ್ದಲು ತಿಂದಿತ್ತು.

ಎರಡನೇ ವರ್ಷ ಸಿಲ್ವರ್ ಓಕ್ ಮರಕ್ಕೆ ಅಡ್ಡಪಟ್ಟಿ ಬಡಿದು ಮೇಲೆ ಹಲಗೆ ಹಾಕಿದೆ. ಖರ್ಚು ಸುಮಾರು 1,500. ಅಗ್ಗವಾಯಿತು ಎಂದುಕೊಂಡೆ. ಮುಂದೆ ಆ ಮರ ಕೊಟ್ಟಾಗ ವ್ಯಾಪಾರಿ ಮೊಳೆ ನೋಡಿದ. ಗರಗಸ ಹಾಳಾಗುತ್ತದೆ ಎಂದು ಕೆಳಗಿನ ದಪ್ಪ ತುಂಡನ್ನು ಸೌದೆ ರೇಟಿಗೆ ಹಾಕಿದ. ಅದೊಂದೇ ಮರದಲ್ಲಿ ನಾಲ್ಕು ಸಾವಿರದ ಮೇಲೆ ಹೋಯಿತು. ಜೊತೆಗೆ ಪಾಚಿ ಹಿಡಿದ ಪಟ್ಟಿಯ ಮೇಲೆ ಒಮ್ಮೆ ಕಾಲು ಜಾರಿ ಮೊಣಕಾಲು ಸುಲಿದುಕೊಂಡೆ.

ಆಮೇಲೆ ಕಬ್ಬಿಣದ ಏಣಿ ಮಾಡಿಸಿದೆ. ಒಂದೂವರೆ ಇಂಚಿನ ಜಿಐ ಪೈಪು, ಐದೈದು ಅಡಿಯ ಮೂರು ತುಂಡು, ಮೇಲೆ ಕೂರುವ ಸೀಟು, ಸುತ್ತ ಕೈಹಿಡಿ. ಎಲ್ಲ ಸೇರಿ 38 ಕೆಜಿ ಇರಬಹುದು. ಗೋಣಿಕೊಪ್ಪದಲ್ಲಿ ಮಾಡಿಸಿದ್ದು, 7,500 ಕೊಟ್ಟ ನೆನಪು. ಅಲ್ಯೂಮಿನಿಯಂ ಹಗುರ ಅಂತ ಕೆಲವರು ಹೇಳಿದರು. ತೋಟದ ಮೇಲೆ ಹಾದುಹೋಗುವ ಕರೆಂಟ್ ಲೈನಿಗೆ ಅಲ್ಯೂಮಿನಿಯಂ ಏಣಿ ತಾಗಿ ಮೆಣಸು ಕುಯ್ಯುವವರು ಸತ್ತ ಸುದ್ದಿ ಕೊಡಗಿನಲ್ಲಿ ಎಷ್ಟು ಸಲ ಕೇಳಿಲ್ಲ? ಕಬ್ಬಿಣವೂ ಅಷ್ಟೇ ಅಪಾಯ. ನನ್ನ ಲೆಕ್ಕ ಒಂದೇ: ಏಣಿಯ ಉದ್ದದ ಎರಡರಷ್ಟು ದೂರದೊಳಗೆ ಲೈನ್ ಇದ್ದರೆ ಆ ಮರವೇ ಬೇಡ.

ಏಣಿ ಬಂದ ದಿನವೇ ಒಬ್ಬನೇ ಎತ್ತಲು ಹೋದೆ. ತಲೆ ಕಡೆ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ತಳ್ಳುತ್ತಾ ಮುಂದೆ ನಡೆದೆ. ಅರ್ಧ ಎದ್ದಾಗ ಬುಡ ಸರ್ರನೆ ಮರದ ಕಡೆಗೆ ಓಡಿತು. ಏಣಿ ಬಲಕ್ಕೆ ತಿರುಗಿ ಎರಡು ರೊಬಸ್ಟಾ ಗಿಡದ ಮೇಲೆ ಬಿತ್ತು, ಸೀಟಿನ ಕಂಬಿ ನನ್ನ ಭುಜಕ್ಕೆ ಬಡಿಯಿತು. ಎಕ್ಸ್‌ರೇ, ಔಷಧಿ, ಮೂರು ವಾರ ಕೆಲಸವಿಲ್ಲ. ಅದರದ್ದೇ ಎಂಟೊಂಬತ್ತು ಸಾವಿರ. ಗಿಡಗಳ ಲೆಕ್ಕ ಬೇರೆ. ತುಂಡುಗಳ ಜೋಡಣೆಗೆ ಬೋಲ್ಟ್ ಇರಲಿಲ್ಲ, ಸುಮ್ನೆ ಒಂದರೊಳಗೊಂದು ತೂರಿಸಿದ್ದು. ಬೀಳುವಾಗ ಮೇಲಿನ ತುಂಡು ಕಳಚಿಕೊಂಡಿತ್ತು. ವೆಲ್ಡಿಂಗ್‌ನವರು ಬೋಲ್ಟ್ ಬೇಡ ಎಂದಿದ್ದರು, ನಾನೂ ಒಪ್ಪಿದ್ದೆ. ಈಗ ಪ್ರತಿ ಜೋಡಣೆಗೂ ಎರಡು ಬೋಲ್ಟ್.

ಮೂರು ವಾರ ಮಲಗಿದಾಗ ಯೋಚನೆಗೆ ಬೇಕಾದಷ್ಟು ಸಮಯ ಸಿಕ್ಕಿತು. ಏಣಿ ಎತ್ತುವಾಗ ಬುಡ ಮರದ ಕಡೆಗೆ ಜಾರುತ್ತದೆ. ನಿಂತ ಮೇಲೆ, ನಾವು ಹತ್ತುವಾಗ, ಅದೇ ಬುಡ ಮರದಿಂದ ಆಚೆಗೆ ಜಾರುತ್ತದೆ. ಗೂಟ ಎರಡೂ ಕಡೆ ಬೇಕು. ಇನ್ನೊಂದು ವಿಷಯ ಅದಕ್ಕಿಂತ ದೊಡ್ಡದು. ಮೇಲೆ ಕೂತಾಗ ಯಾರೂ ಅಷ್ಟು ಬೀಳುವುದಿಲ್ಲ. ಸೀಟನ್ನು ಮರಕ್ಕೆ ಕಟ್ಟಲೆಂದು ಮೊದಲ ಸಲ ಹತ್ತುತ್ತೇವಲ್ಲ, ಆಗ ಏಣಿ ಯಾವುದಕ್ಕೂ ಕಟ್ಟಿರುವುದಿಲ್ಲ. ಅಪಾಯ ಇರುವುದು ಅಲ್ಲಿ. ಹಾಗಾದರೆ ನೆಲದಲ್ಲಿ ನಿಂತೇ ಸೀಟನ್ನು ಮರಕ್ಕೆ ಬಿಗಿಯಬೇಕು. ಉಳಿದದ್ದೆಲ್ಲ ಇದರ ಸುತ್ತ ಹುಟ್ಟಿಕೊಂಡಿತು.

ಮರ ಬದಲಿಸಿದೆ. ಸಿಲ್ವರ್ ನೇರ ಇರುತ್ತದೆ ನಿಜ, ಆದರೆ ಕೊಂಬೆ ಗಾಳಿಗೆ ಲಟಕ್ ಎನ್ನುತ್ತದೆ, ಅದಕ್ಕೆ ರಾಟೆ ಕಟ್ಟುವ ಹಾಗಿಲ್ಲ. ಮೆಣಸಿನ ಬಳ್ಳಿ ಇದ್ದರಂತೂ ಬೆಲ್ಟ್ ಬಿಗಿದರೆ ಬಳ್ಳಿ ಸತ್ತಿತು. ಹಲಸು ಬೇಡವೇ ಬೇಡ, ಬೈನೆಯೂ ಬೇಡ, ಆನೆ ಹುಡುಕಿಕೊಂಡು ಬರುತ್ತದೆ. ನಂದಿ ಮರದ ತೊಗಟೆ ನುಣುಪು, ಬೆಲ್ಟ್ ಜಾರುತ್ತದೆ. ಕೊನೆಗೆ ಗದ್ದೆ ಅಂಚಿನ ಮತ್ತಿ ಮರ ಹಿಡಿದೆ. ಮೊಸಳೆ ಚರ್ಮದ ಹಾಗೆ ಒರಟು ತೊಗಟೆ, 20 ಅಡಿ ಮೇಲೆ ತೊಡೆ ದಪ್ಪದ ಹಸಿ ಕವಲು.

ಆ ಕವಲಿನ ಮೇಲೆ ಹಗ್ಗ ಹಾಕಬೇಕು, ಹತ್ತದೆ. ಮರಳು ತುಂಬಿದ ಸಣ್ಣ ಚೀಲಕ್ಕೆ ತೆಳು ದಾರ ಕಟ್ಟಿ ಎಸೆಯುತ್ತೇನೆ. ಮೊದಲು ನಲವತ್ತು ಸಲ ಎಸೆದರೂ ಬೀಳುತ್ತಿರಲಿಲ್ಲ. ಈಗ ಮೂರನೇ ಎಸೆತಕ್ಕೆ ಸರಿಯಾದ ಜಾಗಕ್ಕೆ ಬೀಳುತ್ತದೆ. ಅದು ಹೇಗೆ ಎನ್ನುವುದು ನನ್ನ ಹತ್ತಿರವೇ ಇರಲಿ. ದಾರದಿಂದ ದಪ್ಪ ಹಗ್ಗ ಎಳೆದುಕೊಂಡು, ಆ ಹಗ್ಗದಲ್ಲಿ ರಾಟೆಯನ್ನು ಕವಲಿಗೆ ಏರಿಸಿ, ಹಗ್ಗದ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟುತ್ತೇನೆ. ಎರಡನೇ ರಾಟೆ ಏಣಿಯ ತಲೆಗೆ. ಎತ್ತುವ ಹಗ್ಗದ ಒಂದು ತುದಿ ಮೇಲಿನ ರಾಟೆಯ ಕೊಕ್ಕೆಗೆ, ಅಲ್ಲಿಂದ ಕೆಳಗಿನ ರಾಟೆ ಸುತ್ತಿ ಮತ್ತೆ ಮೇಲಿನದಕ್ಕೆ, ಆಮೇಲೆ ಮರದ ಹಿಂದಿನಿಂದ ನನ್ನ ಕೈಗೆ. ಭಾರ ಅರ್ಧವಾಗುತ್ತದೆ. ಬಾವಿಯಿಂದ ತುಂಬಿದ ಕೊಡಪಾನ ಎಳೆದಷ್ಟು, ಜಾಸ್ತಿ ಅಲ್ಲ. ಪರಿಚಯದವರಿಂದ ಒಂದು ಟನ್ನಿನ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ಸಾಧನ) ತಂದೂ ನೋಡಿದ್ದೆ. ಅದನ್ನು ಕವಲಿಗೆ ಏರಿಸುವುದೇ ಒಂದು ಕೆಲಸವಾಯಿತು, ವಾಪಸ್ ಕೊಟ್ಟೆ.

ಏಣಿಯನ್ನು ನೆಲದಲ್ಲಿ ಮಲಗಿಸುವಾಗ ಬುಡ ಮರದಿಂದ ಮೂರೂವರೆ ಅಡಿ ದೂರ ಇರಲಿ, ಸೀಟು 14 ಅಡಿಗೆ ಬರುತ್ತದೆ ಎಂದರೆ. ನಾಲ್ಕಡಿ ಎತ್ತರಕ್ಕೆ ಒಂದಡಿ ದೂರ. ತಲೆ ಮರದಿಂದ ಆಚೆಗೆ, ಗದ್ದೆಯ ಏರಿ ಮೇಲೆ. ತಲೆ ಎರಡಡಿ ಎತ್ತರದಲ್ಲಿದ್ದರೆ ಮೊದಲ ಎಳೆತ ಹಗುರ. ಬುಡದ ಎರಡೂ ಕಾಲಿಗೆ ಆರು ಇಂಚು ಗುಂಡಿ, ಹಿಂದೆ ಮುಂದೆ ಎರಡಡಿಯ ಕಬ್ಬಿಣದ ಗೂಟ.

ಎರಡನೇ ಪ್ರಯತ್ನದಲ್ಲಿ ಬುಡ ಅಲ್ಲಾಡಲಿಲ್ಲ, ಆದರೆ ತಲೆ ಪಕ್ಕಕ್ಕೆ ವಾಲಿತು. ಎಡಬಲಕ್ಕೆ ಹಗ್ಗ ಕಟ್ಟಿದ್ದೆ, ಆದರೆ ತಪ್ಪು ಜಾಗದಲ್ಲಿ. ಏಣಿ ಏಳುತ್ತಿದ್ದ ಹಾಗೆ ಒಂದು ಹಗ್ಗ ಬಿಗಿದು ಇನ್ನೊಂದು ಸಡಿಲವಾಯಿತು. ಇದನ್ನು ಸರಿ ಮಾಡಲು ನನಗೆ ನಾಲ್ಕು ದಿನ ಬೇಕಾಯಿತು. ಆ ಎರಡು ಹಗ್ಗಗಳ ಗೂಟ ಬುಡದ ಗೆರೆಯಲ್ಲೇ ಇರಬೇಕು, ಎಡಕ್ಕೂ ಬಲಕ್ಕೂ ಹನ್ನೆರಡು ಅಡಿ ದೂರದಲ್ಲಿ. ನೆಲವೂ ಸಮ ಇರಬೇಕು. ಹಾಗೆ ಕಟ್ಟಿದರೆ ಏಣಿ ಮಲಗಿದಾಗಲೂ ನಿಂತಾಗಲೂ ಹಗ್ಗದ ಉದ್ದ ಒಂದೇ. ಒಮ್ಮೆ ಬಿಗಿದರೆ ಮತ್ತೆ ಮುಟ್ಟುವ ಹಾಗಿಲ್ಲ. ಬೇರೆ ಯಾರೂ ಇದನ್ನು ನನಗೆ ಹೇಳಿಕೊಟ್ಟಿಲ್ಲ, ನಾನೇ ಕಂಡುಕೊಂಡದ್ದು. ಅದಕ್ಕೆ ಹೆಮ್ಮೆ ಇದೆ.

ನಾನು ನಿಲ್ಲುವುದು ಮರದ ಹಿಂದೆ, ಹದಿನೈದು ಅಡಿ ಆಚೆ, ಇನ್ನೊಂದು ಮರದ ಪಕ್ಕ. ಎತ್ತುವ ಹಗ್ಗವನ್ನು ಆ ಮರಕ್ಕೆ ಒಂದೂವರೆ ಸುತ್ತು ಹಾಕಿರುತ್ತೇನೆ; ಸುತ್ತಿನ ಈಚೆಗೆ ಹಗ್ಗ ಹಿಡಿದು ಎಳೆದು, ಸಡಿಲವಾದಷ್ಟನ್ನು ಸುತ್ತಿನಲ್ಲಿ ಬಿಗಿದುಕೊಳ್ಳುತ್ತೇನೆ. ಕೈ ಸ್ವಲ್ಪ ಸಡಿಲಾದರೂ ಏಣಿ ಧಡಕ್ಕನೆ ಬೀಳುವುದಿಲ್ಲ. ಏಣಿ ನೆಟ್ಟಗಾದ ಮೇಲೆ ತಾನಾಗಿಯೇ ಮರದ ಮೇಲೆ ಬೀಳಲು ನೋಡುತ್ತದೆ. ಅದಕ್ಕೆ ತಲೆಯಿಂದ ಹಿಂದಕ್ಕೆ ಒಂದು ಬಾಲದ ಹಗ್ಗ, ಎದುರಿನ ಮರ ಸುತ್ತಿ ನನ್ನ ಎಡಗೈಗೆ ಬರುತ್ತದೆ. ಬಲಗೈಯಲ್ಲಿ ಎಳೆಯುವುದು, ಎಡಗೈಯಲ್ಲಿ ಬಿಡುವುದು. ಸದ್ದಿಲ್ಲದೆ ಹೋಗಿ ಒರಗುತ್ತದೆ.

ಈಗ ಮುಖ್ಯ ಕೆಲಸ. ಏಣಿ ಎತ್ತುವ ಮೊದಲೇ ಸೀಟಿನ ಎರಡೂ ಬದಿಗೆ ಲಾರಿಯವರು ಸಾಮಾನು ಬಿಗಿಯುವ ರ್‍ಯಾಚೆಟ್ ಬೆಲ್ಟ್ ಕಟ್ಟಿರುತ್ತೇನೆ, ಬಾಲ ನೆಲದವರೆಗೆ. ಏಣಿ ಒರಗಿದ ಮೇಲೆ ಎಡದ ಬೆಲ್ಟನ್ನು ಮರದ ಹಿಂದಿನಿಂದ ತಂದು ಏಣಿಯ ಬಲಗಾಲಿಗೆ, ಬಲದ್ದನ್ನು ಎಡಗಾಲಿಗೆ. ಮರದ ಹಿಂದೆ ಎರಡೂ ಕತ್ತರಿ ಆಕಾರದಲ್ಲಿ ದಾಟಬೇಕು. ನೆಲದಲ್ಲಿ ನಿಂತೇ ಎದೆ ಎತ್ತರದಲ್ಲಿ ಬಿಗಿಯುತ್ತೇನೆ. ಸೀಟು ಮರಕ್ಕೆ ಕಚ್ಚಿಕೊಳ್ಳುತ್ತದೆ, ಪಕ್ಕಕ್ಕೂ ಹೋಗುವುದಿಲ್ಲ. ಬೆಲ್ಟ್ ಒಂದಕ್ಕೆ 450ರ ಆಸುಪಾಸು, ನಾಲ್ಕು ತೆಗೆದುಕೊಂಡೆ. ಮೊದಲು ಕತ್ತದ ಹಗ್ಗದಲ್ಲಿ ಮಾಡಿ ನೋಡಿದ್ದೆ. ರಾತ್ರಿ ಮಂಜಿಗೆ ಒದ್ದೆಯಾಗಿ, ಹಗಲು ಒಣಗಿ, ಎರಡು ದಿನಕ್ಕೆ ಸಡಿಲ.

ಹೀಗೆ ನಿಲ್ಲಿಸಿದ ಮೊದಲ ವರ್ಷ ನಂಬಿಕೆ ಬರಲಿಲ್ಲ. ರಾಟೆಯಲ್ಲಿ 50 ಕೆಜಿಯ ಎರಡು ಮರಳಿನ ಚೀಲ ಎಳೆದು ಸೀಟಿನಿಂದ ನೇತು ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಬೆಲ್ಟ್ ಇನ್ನೆರಡು ಹಲ್ಲು ಬಿಗಿಯಿತು, ಅಷ್ಟೇ. ಈಗಲೂ ಮರುದಿನ ಒಮ್ಮೆ ಬಿಗಿಯದೆ ಹತ್ತುವುದಿಲ್ಲ.

ಹತ್ತುವುದಕ್ಕೆ ಬೇರೆಯೇ ಹಗ್ಗ, 12 ಮಿಲಿಮೀಟರಿನ ನೈಲಾನ್. ಎತ್ತಿದ ಹಗ್ಗವನ್ನೇ ಪ್ರಾಣದ ಹಗ್ಗ ಮಾಡಬೇಡಿ, ಅದು ಉಜ್ಜಿ ಉಜ್ಜಿ ಸವೆದಿರುತ್ತದೆ. ಕವಲಿನಿಂದ ನೆಲದವರೆಗೆ ಇಳಿಬಿಟ್ಟ ಹಗ್ಗಕ್ಕೆ 8 ಮಿಲಿಮೀಟರ್ ದಾರದಲ್ಲಿ ಪ್ರುಸಿಕ್ ಗಂಟು (ಕೈಯಿಂದ ತಳ್ಳಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ), ಅದರಿಂದ ಮೈಗೆ ಕಟ್ಟಿದ ಹಾರ್ನೆಸ್‌ಗೆ. ಗಂಟನ್ನು ತಲೆಗಿಂತ ಮೇಲೆ ತಳ್ಳುತ್ತಾ ಹತ್ತುವುದು. ಒದ್ದೆ ಹಗ್ಗದಲ್ಲಿ ಮೂರು ಸುತ್ತು ಜಾರಿತು, ನಾಲ್ಕು ಸುತ್ತು ಹಿಡಿಯಿತು. ನೆಲದಿಂದ ಎರಡಡಿಯಲ್ಲಿ ನೇತಾಡಿ ಪರೀಕ್ಷೆ ಮಾಡಿದ್ದೇನೆ. ಹಾರ್ನೆಸ್ ಐಎಸ್ 3521 ಎಂಬ ಭಾರತೀಯ ಮಾನದಂಡದ ಗುರುತಿನದು, ಪೂರ್ತಿ ಮೈಗೆ ಬರುವಂಥದ್ದು, 1,800 ರೂಪಾಯಿ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೇಡ. ಹಾರ್ನೆಸ್‌ನಲ್ಲೇ ಐದು ನಿಮಿಷ ತೂಗಿ ನೋಡಿದೆ. ಕಾಲು ಜುಮ್ ಎನ್ನತೊಡಗಿತು. ಹಾಗೆ ಹೆಚ್ಚು ಹೊತ್ತು ನೇತಾಡಿದರೆ ಕಾಲಿನ ರಕ್ತ ಮೇಲಕ್ಕೆ ಬರುವುದಿಲ್ಲ, ಪ್ರಾಣಕ್ಕೇ ಅಪಾಯ. ಅಂದಿನಿಂದ ಕಾಲಿಟ್ಟು ನಿಲ್ಲಲು ಒಂದು ಹಗ್ಗದ ಕುಣಿಕೆ ಜೇಬಿನಲ್ಲೇ ಇರುತ್ತದೆ. ಮೊಬೈಲ್ ಎದೆ ಜೇಬಿನಲ್ಲಿ. ಮನೆಯವಳಿಗೆ ಹೊತ್ತು ಹೇಳಿ ಹೋಗುತ್ತೇನೆ. ಆ ಹೊತ್ತಿಗೆ ಫೋನ್ ಬರದಿದ್ದರೆ ಅವಳು ಬಂದು ನೋಡುತ್ತಾಳೆ. ಟಾರ್ಚು, ಫ್ಲಾಸ್ಕು ಕೈಯಲ್ಲಿ ಹಿಡಿದು ಹತ್ತುವುದಿಲ್ಲ, ಕೂತ ಮೇಲೆ ದಾರದಲ್ಲಿ ಎಳೆದುಕೊಳ್ಳುತ್ತೇನೆ.

ಒಂದು ತೊಂದರೆ ಉಳಿದಿತ್ತು. ಸ್ವಲ್ಪ ಅಲುಗಿದರೂ ಪೈಪು ಮರಕ್ಕೆ ಉಜ್ಜಿ ಕಿರ್ ಎನ್ನುತ್ತಿತ್ತು, ಹಂದಿ ತೋಡಿನಾಚೆಯೇ ನಿಂತುಬಿಡುತ್ತಿತ್ತು. ಓಡಿಸುವುದೇ ಕೆಲಸವಾದರೆ ಒಳ್ಳೆಯದೇ ಅಲ್ವಾ ಎನ್ನಬಹುದು. ನಾನು ಇಳಿದ ಮೇಲೆ ಬರುತ್ತಿತ್ತು! ಗದ್ದೆಗೆ ಇಳಿದ ಮೇಲೆ ಒಮ್ಮೆಲೇ ಬೆಳಕು, ಸದ್ದು ಬಿದ್ದರೆ ನಾಲ್ಕೈದು ದಿನ ತಲೆ ಹಾಕುವುದಿಲ್ಲ. ಹಳೆ ಸೈಕಲ್ ಟ್ಯೂಬ್ ಸುತ್ತಿದೆ, ಸದ್ದು ನಿಂತಿತು, ತೊಗಟೆಗೂ ಒಳ್ಳೆಯದಾಯಿತು. ಈ ನಡುವೆ ಸೆಲೂನಿನಿಂದ ಎರಡು ಚೀಲ ಕೂದಲು ತಂದು ಬದುವಿನ ಮೇಲೆ ಉದುರಿಸಿಯೂ ನೋಡಿದೆ. ಒಂದು ವಾರ ಹಂದಿ ಬರಲಿಲ್ಲ. ಮಳೆ ಬಂತು, ಕೂದಲು ತೋಡಿಗೆ ಹೋಯಿತು. ಹಳೆ ಸೀರೆ ಬೇಲಿ ಅದಕ್ಕಿಂತ ವಾಸಿ, ಹತ್ತು ಹನ್ನೆರಡು ದಿನ ತಡೆಯಿತು.

ಆನೆ ವಿಷಯ ಬೇರೆ. ಒಂಟಿ ಸಲಗದ ಸೊಂಡಿಲಿಗೆ 14 ಅಡಿ ದೊಡ್ಡ ಎತ್ತರವಲ್ಲ. ನಮ್ಮ ಕಡೆ ಆನೆ ಇದೆ ಎಂದು ವಾಟ್ಸಾಪಿನಲ್ಲಿ ಬಂದ ದಿನ ನಾನು ಮನೆಯಲ್ಲೇ. ಭತ್ತ ಹೋದರೆ ಹೋಗಲಿ.

ಒಟ್ಟು ಖರ್ಚು ಏಣಿ, ಬೆಲ್ಟ್, ಹಾರ್ನೆಸ್, ಹಗ್ಗ, ರಾಟೆ ಎಲ್ಲ ಸೇರಿ 13,000 ಆಗಿರಬಹುದು. ಅದಕ್ಕೆ ಮುಂಚೆ ಕಳೆದುಕೊಂಡದ್ದು 20,000ಕ್ಕೆ ಕಡಿಮೆ ಇಲ್ಲ. ಮೂರು ಜನರನ್ನು ಕರೆದರೆ ಹಾಕಲು ಒಮ್ಮೆ, ತೆಗೆಯಲು ಒಮ್ಮೆ, ವರ್ಷಕ್ಕೆ ಮೂರೂವರೆ ಸಾವಿರ ಕೂಲಿ. ಅದೂ ಕಾಫಿ ಹಣ್ಣಾಗುವ ಹೊತ್ತಿನಲ್ಲಿ ಒಂದು ಗಂಟೆ ಕೆಲಸಕ್ಕೆ ಯಾರು ಬರುತ್ತಾರೆ? ಮೊದಲ ಸಲ ನನಗೆ ಮೂರೂವರೆ ಗಂಟೆ ಹಿಡಿಯಿತು, ಹೋದ ವರ್ಷ ಒಂದು ಗಂಟೆ ಹತ್ತು ನಿಮಿಷ.

ಪುತ್ತರಿ ಕಳೆದು ಕೊಯ್ಲು ಮುಗಿದ ವಾರವೇ ಇಳಿಸಿಬಿಡುತ್ತೇನೆ. ಇಳಿಸುವಾಗ ಎತ್ತುವ ಹಗ್ಗ, ಬಾಲ, ಎಡಬಲದ ಹಗ್ಗ ಎಲ್ಲ ಮೊದಲು ಕಟ್ಟಿ, ಕೊನೆಗೆ ಬೆಲ್ಟ್ ಬಿಚ್ಚುವುದು. ಬಿಸಿಲಿಗೆ ಬೆಲ್ಟಿನ ನೂಲು ಸಾಯುತ್ತದೆ, ಮರವೂ ದಪ್ಪವಾಗುತ್ತದೆ, ಹಾಗಾಗಿ ವರ್ಷವಿಡೀ ಬಿಡಬಾರದು. ಬೆಲ್ಟಿನ ಅಂಚಿನಲ್ಲಿ ಎಳೆ ಎದ್ದಿದ್ದರೆ ಅದನ್ನು ದನ ಕಟ್ಟಲು ಕೊಟ್ಟುಬಿಡುತ್ತೇನೆ.

ಹೋದ ತಿಂಗಳು ಪಕ್ಕದ ತೋಟದ ಅಣ್ಣ ಟೇಪು ಹಿಡಿದುಕೊಂಡು ಬಂದರು. ಪೈಪಿನ ಅಳತೆ, ಗೂಟದ ಅಳತೆ, ಬೋಲ್ಟಿನ ಸೈಜು ಎಲ್ಲ ಬರೆದುಕೊಂಡರು. ಅವರ ಗದ್ದೆಯಲ್ಲಿ ಮತ್ತಿ ಇಲ್ಲ, ಒಂದು ಹೊನ್ನೆ ಇದೆ. ಭಾನುವಾರ ಹೋಗಿ ಅದರ ಕವಲು ನೋಡಿಕೊಂಡು ಬರಬೇಕು. ಮರಳಿನ ಚೀಲ ನಾನೇ ಎಸೆದುಕೊಡುತ್ತೇನೆ ಎಂದಿದ್ದೇನೆ.