ಓಟಗಾರರೇ, ನಿಮ್ಮ ಒಂದೊಂದು ಕಾಲಿನ ಬಲ ಹೀಗೆ ಅಳೆಯಿರಿ

ಓಡುವಾಗ ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟುವುದೇ ಇಲ್ಲ, ಅಲ್ವಾ? ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡರಿಂದ ಮೂರು ಪಟ್ಟು ಹೊರೆ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆದರೆ ಜಿಮ್‌ನಲ್ಲಿ ನಾವು ಬಲ ನೋಡುವುದು ಎರಡೂ ಕಾಲು ಊರಿದ ಸ್ಕ್ವಾಟ್‌ನಲ್ಲಿ. ಅಲ್ಲಿ ಗಟ್ಟಿ ಕಾಲು ಸೋತ ಕಾಲಿನ ಪಾಲನ್ನೂ ತಾನೇ ಎತ್ತಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಒಂದೊಂದೇ ಕಾಲಿನ ಐಸೊಮೆಟ್ರಿಕ್ ಪರೀಕ್ಷೆ, ಅಂದರೆ ಕೀಲು ಅಲುಗಿಸದೆ ಬಲ ಹಾಕುವ ಪರೀಕ್ಷೆ ಬೇಕು. ಅಲುಗದ ಬಾರ್‌ ವಿರುದ್ಧ ಒತ್ತುತ್ತೀರಿ, ಕಾಲಡಿಯ ಫೋರ್ಸ್ ಪ್ಲೇಟ್ ಆ ಬಲವನ್ನು ನ್ಯೂಟನ್‌ನಲ್ಲಿ ಬರೆದುಕೊಳ್ಳುತ್ತದೆ.

ಓಟಗಾರರಿಗೆ ಮೊದಲು ನೋಡಬೇಕಾದ್ದು ಮೀನಖಂಡ. ಅದರ ಒಳಪದರದ ಸೋಲಿಯಸ್ ಸ್ನಾಯು ದೂರದ ಓಟದಲ್ಲಿ ತುಂಬಾ ದುಡಿಯುತ್ತದೆ. ಮಂಡಿ ಮಡಚಿದಾಗ ಕೆಲಸ ಹೆಚ್ಚಾಗಿ ಅದಕ್ಕೇ ಬೀಳುವುದರಿಂದ ಈ ಪರೀಕ್ಷೆಯನ್ನು ಕೂತೇ ಮಾಡುವುದು.

ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಪ್ಲೇಟ್ ಖಾಲಿ ಇರುವಾಗ ಸೊನ್ನೆಗೆ ತನ್ನಿ, ಆಮೇಲೆ ಅದರ ಮೇಲೆ ನಿಂತು ಮೈತೂಕ ದಾಖಲಿಸಿ. ಈಗ ರ್‍ಯಾಕ್ (ಬಾರ್ ಸಿಕ್ಕಿಸುವ ಕಂಬಗಳ ಚೌಕಟ್ಟು) ಒಳಗೆ ಬೆಂಚ್ ಹಾಕಿ ಕೂರಿ. ಮಂಡಿ 90 ಡಿಗ್ರಿ ಇರಲಿ, ಪಾದದ ಮುಂಭಾಗ ಪ್ಲೇಟ್ ಮೇಲೆ ಊರಿರಲಿ. ಮಂಡಿಗೆ ಹತ್ತಿರ ತೊಡೆಯ ಮೇಲೆ ದಪ್ಪ ಪ್ಯಾಡ್, ಅದರ ಮೇಲೆ ಬಾರ್. ಬಾರ್ ಒಂದು ಚೂರೂ ಮೇಲೇಳಬಾರದು, ಎದ್ದರೆ ಆ ಅಂಕಿ ಕೆಲಸಕ್ಕೆ ಬಾರದು. ಬೆಂಚಿನ ಎತ್ತರ, ಬಾರ್ ಇಟ್ಟ ತೂತಿನ ನಂಬರ್, ಪಾದ ಇಟ್ಟ ಜಾಗ ಎಲ್ಲವನ್ನೂ ಬರೆದಿಡಿ, ಬೇಕಾದರೆ ಫೋಟೊ ತೆಗೆದುಕೊಳ್ಳಿ, ಯಾಕೆಂದರೆ ಕೋನ ಸ್ವಲ್ಪ ಬದಲಾದರೂ ಬಲದ ಅಂಕಿ ಬದಲಾಗುತ್ತದೆ, ಆಗ ಎರಡು ತಿಂಗಳ ಹಿಂದಿನದಕ್ಕೆ ಹೋಲಿಸಿ ಏನೂ ಪ್ರಯೋಜನವಿಲ್ಲ.

ಅರ್ಧ ಜೋರಿನಲ್ಲಿ ಒಂದೆರಡು ಸಲ ಒತ್ತಿ ಅಭ್ಯಾಸ ಮಾಡಿ. ಆಮೇಲೆ ಬಾರ್‌ಗೆ ತೊಡೆ ಹಗುರವಾಗಿ ತಾಗುವಂತೆ ಕೂತಿರಿ, ‘ಒತ್ತು’ ಅಂದ ತಕ್ಷಣ ಇದ್ದ ಬಲವನ್ನೆಲ್ಲ ಹಾಕಿ ಹಿಮ್ಮಡಿ ಎತ್ತುವ ಹಾಗೆ ಪಾದದ ಮುಂಭಾಗದಿಂದ ಮೂರರಿಂದ ಐದು ಸೆಕೆಂಡ್ ಒತ್ತಿ. ಸೊಂಟ ಎತ್ತಬೇಡಿ, ಕೈಯಲ್ಲಿ ಬಾರ್ ಎಳೆಯಬೇಡಿ. ಪ್ರತಿ ಕಾಲಿಗೆ ಮೂರು ಸಲ, ನಡುವೆ ಕನಿಷ್ಠ ಒಂದು ನಿಮಿಷ ಬಿಡುವು. ಮೂರನೇ ಸಲವೂ ಅಂಕಿ ಏರುತ್ತಲೇ ಇದ್ದರೆ ಇನ್ನೊಂದು ಸಲ ನೋಡಿ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ.

ಲೆಕ್ಕ ಸುಲಭ. 60 ಕೆ.ಜಿ. ತೂಗುವವರ ಮೈಭಾರ ಸುಮಾರು 590 ನ್ಯೂಟನ್. ಬಲಗಾಲಲ್ಲಿ 1,060, ಎಡಗಾಲಲ್ಲಿ 900 ಬಂತು ಅಂದುಕೊಳ್ಳಿ. ಮೈಭಾರದ 1.8 ಪಟ್ಟು ಮತ್ತು 1.5 ಪಟ್ಟು ಆಯಿತು. ವ್ಯತ್ಯಾಸ 160, ಅಂದರೆ ದೊಡ್ಡ ಅಂಕಿಯ ಶೇ 15. ಶೇ 10 ದಾಟಿತು ಅಂತ ಗಾಬರಿಯಾಗುವವರು ಜಾಸ್ತಿ. ನನ್ನ ಪ್ರಕಾರ ಅದನ್ನು ಲಕ್ಷ್ಮಣರೇಖೆ ಮಾಡಿಕೊಳ್ಳುವುದು ತಪ್ಪು. ಬೇರೆ ದಿನ ಇನ್ನೊಮ್ಮೆ ಅಳೆಯಿರಿ. ಆಗಲೂ ಅದೇ ಕಾಲು ಹಿಂದಿದ್ದರೆ, ಅದರಲ್ಲೂ ಹಿಂದೆ ಪೆಟ್ಟಾದ ಕಾಲೇ ಆಗಿದ್ದರೆ, ಫಿಸಿಯೊಗೆ ತೋರಿಸಿ. ಎರಡೂ ಕಾಲು ಸಮ ಇದ್ದು ಎರಡೂ ಸೋತಿರುವುದೂ ಉಂಟು, ಶೇಕಡಾವಾರು ಅದನ್ನು ಹೇಳುವುದಿಲ್ಲ. ಹಾಗಾಗಿ ಮೈಭಾರದ ಎಷ್ಟು ಪಟ್ಟು ಅನ್ನುವ ಲೆಕ್ಕವನ್ನೂ ನೋಡಲೇಬೇಕು.

ಆರೆಂಟು ವಾರ ಬಲದ ತರಬೇತಿ ಮಾಡಿ ಮತ್ತೆ ಅಳೆಯಿರಿ. ಅದೇ ಹೊತ್ತು, ಅದೇ ಶೂ, ಹಿಂದಿನ ದಿನ ಲಾಂಗ್ ರನ್ ಬೇಡ.